ಶಿವಕಾಂತಕ್ಕನ ಒಂದನೇ ಪ್ರತಿ

ನಾನು ಮತ್ತು ಶಿವಕಾಂತಕ್ಕ ಹನ್ನೊಂದು ವರ್ಷ ಒಂದೇ ಬಸ್ಸಿನಲ್ಲಿ ಕಲಬುರಗಿಯಿಂದ ಕಮಲಾಪುರಕ್ಕೆ ಹೋಗಿ ಬಂದಿದ್ದೇವೆ. ನಾನು ಅಲ್ಲಿನ ಶಾಲೆಯಲ್ಲಿ ಕನ್ನಡ ಕಲಿಸುವವಳು. ಬ್ರಹ್ಮಪುರದಲ್ಲಿ ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ. ಅವರ ಮನೆಯ ಒಗ್ಗರಣೆಗೆ ನನಗೆ ಸೀನು ಬರುತ್ತದೆ. ಇಷ್ಟಿದ್ದೂ ಅವರು ಕೆಲಸ ಮಾಡುವ ಕಡೆ ಏನು ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ, ನನಗೆ ಗೊತ್ತಿರುವುದು ಬಸ್ ಕಂಡಕ್ಟರನಿಗೆ ಗೊತ್ತಿರುವಷ್ಟೇ.

ಕಮಲಾಪುರ ದಾಟಿ ಹುಮನಾಬಾದ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಎತ್ತರದ ಗೋಡೆ, ಗೋಡೆಯ ಮೇಲೆ ತಂತಿ, ಅದರಾಚೆ ಒಂದು ಬಿಳಿ ಕಟ್ಟಡ. ದನಕರುಗಳಿಗೆ ಬರುವ ಕೆಟ್ಟ ರೋಗಗಳ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಊರವರು ಅದಕ್ಕೆ ‘ಬೀಗದ ದವಾಖಾನಿ’ ಎನ್ನುತ್ತಾರೆ. ಕೆಮ್ಮುವ ಎಮ್ಮೆಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿ ಗೇಟಿನಲ್ಲೇ ಬೈಸಿಕೊಂಡು ಬಂದವರೂ ಇದ್ದಾರೆ. ರೋಗಾಣು ಹೊರಗೆ ಬರದಂತೆ ವಿಜ್ಞಾನಿಗಳು ಕಾಯುತ್ತಾರೆ, ಕಾಗದ ಹೊರಗೆ ಬರದಂತೆ ಶಿವಕಾಂತಕ್ಕ ಕಾಯುತ್ತಾರೆ. ದಾಖಲೆ ವಿಭಾಗ ಅವರ ಕೈಯಲ್ಲಿದೆ. ಮನೆಗೆ ಬಂದ ಮದುವೆ ಕಾರ್ಡಿಗೂ ತಲುಪಿದ ತಾರೀಖು ಹಾಕಿ ಮೊಳೆಗೆ ಚುಚ್ಚಿಡುವ ಹೆಂಗಸು ಅವರು. ಆ ಕೆಲಸಕ್ಕೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿದ್ದರೂ ಸಿಗುತ್ತಿರಲಿಲ್ಲ.

ಹೋದ ವರ್ಷ ಶ್ರಾವಣಕ್ಕೆ ಮುಂಚೆ ಅಕ್ಕ ಬಸ್ಸಿನಲ್ಲಿ ಮಾತು ನಿಲ್ಲಿಸಿದರು. ಬ್ಯಾಗಿನ ಜಿಪ್ ತೆಗೆಯುವುದು, ಒಳಗೆ ಕೈಯಾಡಿಸುವುದು, ಹಾಕುವುದು, ಮತ್ತೆ ತೆಗೆಯುವುದು. ಸಂಜೆ ಸೂಪರ್ ಮಾರ್ಕೆಟ್‌ನಲ್ಲಿ ತರಕಾರಿ ಕೊಳ್ಳುತ್ತಿದ್ದವರು ಹಿಂದೆ ಯಾರೋ ನಿಂತಂತಾಯಿತೆಂದು ಚೀಲ ಅಲ್ಲೇ ಬಿಟ್ಟು ಆಟೊ ಹತ್ತಿದರು. ಗೋಡೆಯಾಚೆ ಟ್ರಂಕು ಎಳೆದಾಡುವ ಸದ್ದು. ನನಗೆ ತಡೆಯಲಾಗಲಿಲ್ಲ, ಹೋಗಿ ನೋಡಿದೆ. ಸೀರೆಗಳೆಲ್ಲ ನೆಲದ ಮೇಲಿದ್ದವು. ಒಂದೊಂದರ ಮಡಿಕೆಯನ್ನೂ ಬಿಡಿಸಿ ಕೊಡವುತ್ತಿದ್ದರು.

‘ಏನ್ ಹುಡುಕಾಕತ್ತೀರಿ ಅಕ್ಕ?’

‘ನಾ ತರಲಾರದ್ದು ಹುಡುಕಾಕತ್ತೀನಿ, ರಾಜೇಶ್ರೀ. ತಂದಿಲ್ಲಂತ ನನಗ ಗೊತ್ತದ. ಆದ್ರೂ ಹುಡುಕಾಕತ್ತೀನಿ.’

ನೀರು ಕುಡಿದು ಹೇಳಿದರು: ‘ಕಾಗದದಾಗ ಏನ್ ಬರದದ ಅದು ಹೇಳಂಗಿಲ್ಲ. ಕಾಗದ ಎಣಿಸಿದ್ದು ಹೇಳ್ತೀನಿ.’

ಆ ಪ್ರಯೋಗಾಲಯದಲ್ಲಿ ಕೆಲಸ ಹೇಗೆ ಮಾಡಬೇಕೆಂದು ಬರೆದ ಒಂದು ಕೈಪಿಡಿ ಇದೆ. ಅದರ ಪ್ರತಿಗಳು ನಲವತ್ತೊಂದು, ಪ್ರತಿಯೊಂದಕ್ಕೂ ಒಂದು ನಂಬರು. ಹೊಸ ಕೈಪಿಡಿ ಬಂದಾಗ ಹಳೆಯ ನಲವತ್ತೊಂದನ್ನೂ ಒಟ್ಟುಮಾಡಿ, ಚೀಲಕ್ಕೆ ಹಾಕಿ ಮುದ್ರೆಯೊತ್ತಿ, ಚೂರು ಮಾಡುವ ಯಂತ್ರದ ಕೋಣೆಗೆ ಒಯ್ಯಬೇಕು. ಇಬ್ಬರಿರಬೇಕು. ಒಬ್ಬರು ಚೀಲದಿಂದ ಪ್ರತಿ ತೆಗೆದು ನಂಬರು ಕೂಗಿ ಯಂತ್ರಕ್ಕೆ ಹಾಕುತ್ತಾರೆ. ಇನ್ನೊಬ್ಬರು ಕೇಳಿದ ನಂಬರಿಗೆ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಕೂಗಿದ್ದು ಶಿವಕಾಂತಕ್ಕ. ಗುರುತು ಹಾಕಿದ್ದು ಫರೀದಾ. ಫರೀದಾ ಹೈದರಾಬಾದಿನ ಹುಡುಗಿ, ಕೆಲಸಕ್ಕೆ ಸೇರಿ ಐದೇ ತಿಂಗಳು, ಕನ್ನಡದ ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡವಳು. ಇಬ್ಬರೂ ಸಹಿ ಹಾಕಿದರು. ಚೂರನ್ನು ಸುಟ್ಟೂ ಆಯಿತು.

ಹದಿನೈದು ದಿನ ಕಳೆದು ತಪಾಸಣೆಯವರು ಬಂದು ಪಟ್ಟಿ ನೋಡಿದರೆ ಎರಡರಿಂದ ನಲವತ್ತೊಂದರವರೆಗೆ ಗುರುತು ಇದೆ, ಒಂದರ ಮುಂದೆ ಖಾಲಿ. ಅದೂ ಎಂಥ ಒಂದು! ವಿಜ್ಞಾನಿಗಳೆಲ್ಲ ಕೈಯಿಂದ ತಿದ್ದಿ ಸಹಿ ಮಾಡಿದ ಮೂಲ ಪ್ರತಿ. ಅದು ಹೊರಗೆ ಹೋಗಿದ್ದರೆ ಪೊಲೀಸ್ ಕೇಸು.

ಅಕ್ಕನ ಪ್ರವೇಶ ಕಾರ್ಡು ಕಿತ್ತುಕೊಂಡರು. ಮನೆಯಲ್ಲೂ ಕೂರುವಂತಿಲ್ಲ, ದಿನವೂ ಬಂದು ಗೇಟಿನ ಕೋಣೆಯಲ್ಲಿ ಸಹಿ ಮಾಡಿ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿರಬೇಕು. ಮೂವತ್ತು ವರ್ಷ ಇತರರ ಬ್ಯಾಗು ನೋಡಿಸಿದವರ ಬ್ಯಾಗನ್ನು ಈಗ ನಿನ್ನೆ ಮೊನ್ನೆ ಬಂದ ಕಾವಲುಗಾರರು ತಲೆಕೆಳಗು ಮಾಡಿ ಜಾಡಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅಕ್ಕನಿಗೆ ಸಿಟ್ಟು ಬರುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ‘ಅವರ ಕೆಲಸ ಅವರು ಮಾಡ್ಯಾರ’ ಎನ್ನುತ್ತಿದ್ದರು. ಬರಬರುತ್ತ ತಮ್ಮನ್ನೇ ನಂಬದಾದರು. ‘ನಿದ್ದಿಗಣ್ಣಾಗ ಒಯ್ದೀನೇನೋ. ವಯಸ್ಸಾತು, ತಲಿ ಕೆಟ್ಟದೇನೋ’ ಎಂದು ಬಸ್ಸಿನಲ್ಲಿ ನನ್ನ ಕೈ ಹಿಡಿಯುತ್ತಿದ್ದರು.

ಆದರೂ ವಿಚಾರಣೆಯವರು ಬರೆದುಕೊಡು ಎಂದಾಗ ಅವರು ಬರೆದುಕೊಟ್ಟದ್ದು ಒಂದೇ ಸಾಲು: ‘ನಾನು ಒಂದು ಎಂದು ಕೂಗಿಯೇ ಮೊದಲ ಪ್ರತಿಯನ್ನು ಯಂತ್ರಕ್ಕೆ ಹಾಕಿದ್ದೇನೆ.’ ಆ ಕೋಣೆಯಲ್ಲಿ ಕ್ಯಾಮೆರಾ ಇತ್ತು. ಅದರಲ್ಲಿ ಅಕ್ಕನ ಬೆನ್ನು ಮಾತ್ರ ಕಾಣುತ್ತದೆ, ಯಂತ್ರ ಕಾಣುವುದಿಲ್ಲ. ಆದರೆ ದನಿ ಕೇಳುತ್ತದೆ. ಗುರುವಾರ ಅದನ್ನು ಎಲ್ಲರೆದುರು ಹಾಕುತ್ತೇವೆ ಎಂದರು. ಅಕ್ಕನಿಗೆ ಹೋದ ಜೀವ ಬಂದಂತಾಯಿತು. ‘ಒಂದು’ ಕೇಳಿದರೆ ಮುಗಿಯಿತಲ್ಲ!

ಗುರುವಾರ ನಾನು ರಜೆ ಹಾಕಿದೆ, ಅಕ್ಕನೇ ಕೇಳಿಕೊಂಡಿದ್ದರು. ಅವರ ಅಪ್ಪ ಜಗದೇವಪ್ಪ ಕಾಕಾ ಅವರ ಜೊತೆಗೇ ಇರುತ್ತಾರೆ. ಎಂಬತ್ತೆಂಟು ವಯಸ್ಸು, ಕಿವಿ ಮಂದ, ನಾಲಿಗೆ ಚುರುಕು. ಅವರಿಗೆ ಮಗಳು ಏನೂ ಹೇಳಿರಲಿಲ್ಲ. ‘ಪೊಲೀಸರು ಮನಿಗೆ ಬಂದ್ರ ಅಪ್ಪ ಒಬ್ಬನೇ ಇರಬಾರದು’ ಎಂದಿದ್ದರು. ನಾನು ಕಮಲಾಪುರದಿಂದ ತಂದಿದ್ದ ಕೆಂಪು ಬಾಳೆಹಣ್ಣು ಅವರ ಮುಂದಿಟ್ಟು ಕೂತೆ. ಬಾಗಿಲಿನ ಕಡೆ ಕಿವಿಯಿಟ್ಟು ನನ್ನ ಕುತ್ತಿಗೆಯೇ ನೋಯತೊಡಗಿತು.

ಅಷ್ಟರಲ್ಲಿ ಅಲ್ಲಿ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದರು. ಗೇಟಿನ ಕೋಣೆಯಲ್ಲೇ ಎಲ್ಲರೂ ಕೂತು ಕ್ಯಾಮೆರಾದ ದನಿ ಹಾಕಿದರು. ಮುದ್ರೆ ಒಡೆಯುವ ಸದ್ದು, ಚೀಲ ಬಿಚ್ಚುವ ಸದ್ದು. ಆಮೇಲೆ ಅಕ್ಕನದೇ ದನಿ, ಸ್ಪಷ್ಟವಾಗಿ: ‘ಲಾಭ.’ ಯಂತ್ರದ ಗರಗರ. ‘ಎರಡು.’ ಮತ್ತೆ ಗರಗರ. ‘ಮೂರು.’

‘ಒಂದು’ ಎಲ್ಲೂ ಇರಲಿಲ್ಲ. ಮೂರು ಸಲ ಹಾಕಿದರು, ಮೂರು ಸಲವೂ ಇರಲಿಲ್ಲ. ಬರೆದುಕೊಟ್ಟದ್ದು ಸುಳ್ಳಾಯಿತು. ‘ಅದು ದೇವರ ಹೆಸರು ಇರಬೇಕು ಅಂದುಕೊಂಡು ನಾನು ಗುರುತು ಹಾಕಲಿಲ್ಲ’ ಎಂದು ಫರೀದಾ ಅಳತೊಡಗಿದಳು. ದೆಹಲಿಯಿಂದ ಬಂದ ವಿಚಾರಣಾ ಅಧ್ಯಕ್ಷರಿಗೆ ಕನ್ನಡ ಬಾರದು. ಆ ಮೊದಲ ಮಾತಿನ ಅರ್ಥವೇನೆಂದು ಭದ್ರತಾ ಅಧಿಕಾರಿ ವಿವೇಕಾನಂದ ಅವರನ್ನು ಕೇಳಿದರು. ವಿವೇಕಾನಂದ ಬೆಂಗಳೂರಿನಲ್ಲಿ ಬೆಳೆದವರು, ಜೋಳ ಕಂಡದ್ದು ರೊಟ್ಟಿಯಾದ ಮೇಲೆಯೇ. ನಿಘಂಟಿನಲ್ಲಿದ್ದಂತೆ ಅರ್ಥ ಹೇಳಿದರು: ಲಾಭ ಎಂದರೆ ಗಳಿಕೆ, ಪ್ರಯೋಜನ. ಒಂದನೇ ಪ್ರತಿ ಕಾಣೆ, ಅದನ್ನು ಕೈಗೆತ್ತಿಕೊಂಡ ಹೆಂಗಸು ‘ಗಳಿಕೆ’ ಎಂದಿದ್ದಾಳೆ. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

‘ಅದು ಅಳತಿ ಮಾತುರೀ’ ಎಂದರು ಅಕ್ಕ. ‘ನಮ್ಮಪ್ಪ ಗಂಜ್‌ನ್ಯಾಗ, ಕಾಳಿನ ಪ್ಯಾಟ್ಯಾಗ, ಜೋಳ ತೊಗರಿ ಅಳೀತಿದ್ದ. ನಾ ಅಂದದ್ದು ನನಗೇ ಗೊತ್ತಿಲ್ರಿ.’ ಯಾರು ನಂಬುತ್ತಾರೆ? ವಿವೇಕಾನಂದ ಮಾತ್ರ, ಆ ಅಪ್ಪನನ್ನೇ ಕೇಳೋಣ ಎಂದು ಗೇಟಿನ ಕೋಣೆಯ ಫೋನಿನಿಂದ ಮನೆಗೆ ಹಚ್ಚಿದರು.

ನಾನು ಫೋನು ಸ್ಪೀಕರಿಗೆ ಹಾಕಿ ಕಾಕಾನ ಕಿವಿಯ ಬಳಿ ಹಿಡಿದೆ. ‘ಯಾರೂ ಏನೂ ಹೇಳಿಕೊಡಬಾರದು’ ಎಂದು ಆ ಕಡೆಯಿಂದ ಅಪ್ಪಣೆಯಾಯಿತು. ಹೇಳಿಕೊಡಲು ನನಗೇನು ಗೊತ್ತಿತ್ತು?

‘ತಾತ, ನಿಮ್ಮ ಮುಂದೆ ಏನಿದೆ? ಸ್ವಲ್ಪ ಜೋರಾಗಿ ಎಣಿಸ್ತೀರಾ?’

ಕಾಕಾ ನನ್ನ ಮುಖ ನೋಡಿ, ಬಾಳೆಹಣ್ಣು ಮುಟ್ಟಿ ಮುಟ್ಟಿ ಎಣಿಸಿದರು. ‘ಒಂದ. ಎರಡ. ಮೂರ. ನಾಕ. ಐದ. ಆರ.’

ಆ ಕಡೆ ಯಾರೋ ಉಸಿರುಬಿಟ್ಟರು. ಅದು ಅಕ್ಕನದೆಂದು ನನಗೆ ತಿಳಿಯಿತು. ‘ಸರಿ ತಾತ, ಅಷ್ಟೇ’ ಎಂದರು ವಿವೇಕಾನಂದ.

‘ಏ ಸಾಹೇಬ್ರ, ನಿಲ್ರಿ!’ ಕಾಕಾನಿಗೆ ಸಿಟ್ಟು ಬಂದಿತ್ತು. ‘ಆರ ಹಣ್ಣ ಎಣಸಾಕ ಫೋನ್ ಹಚ್ಚೀರೇನು? ನಾ ಮೂವತ್ತ ವರ್ಷ ರಾಶಿ ಅಳದಾಂವ ಇದ್ದೀನಿ. ಕೇಳೂದಿದ್ರ ಅಳತಿ ಕೇಳ್ರಿ. ಟೀಚರ, ಆ ಜೋಳದ ಡಬ್ಬಿ ತಾ. ಸೇರು ತಾ. ಕೇರೂ ಮರ ತಾ.’

ತಂದುಕೊಟ್ಟೆ. ಕಾಕಾ ನೆಟ್ಟಗೆ ಕೂತು, ಸೇರು ತುಂಬಿ, ಅಂಗೈಯಿಂದ ಸವರಿ, ಮೊರಕ್ಕೆ ಸುರಿದು ಇಡೀ ಗಂಜ್ ಪೇಟೆಗೆ ಕೇಳುವಂತೆ ಕೂಗಿದರು: ‘ಲಾಭ!’ ಮತ್ತೆ ತುಂಬಿದರು. ‘ಎರಡ! ಮೂರ!’

ವಿವೇಕಾನಂದ ಮೆಲ್ಲಗೆ ಕೇಳಿದರು. ‘ತಾತ, ಮೊದಲನೇದಕ್ಕೆ ಒಂದು ಅನ್ನಲಿಲ್ವಲ್ಲ?’

‘ಅಳ್ಯಾಕ ಕುಂತು ಒಂದ ಅಂತಾರೇನ್ರಿ? ಒಂದ ಅಂದ್ರ ರಾಶಿ ಒಂದಕ್ಕೇ ಮುಗೀತದ.’

‘ಮತ್ತೆ ಹಣ್ಣಿಗೆ ಅಂದ್ರಿ?’

‘ಹಣ್ಣ ಇದ್ದಲ್ಲೇ ಅವ. ಅದು ಎಣಕಿ. ಚೀಲದಾಗಿಂದ ತಗದು ಸುರವೂದು ಬ್ಯಾರೆ. ಸುರವಾಕ ಲಾಭನೇ ಅನ್ನಬೇಕು. ನಮ್ಮ ಶಿವಕಾಂತಗ ಕೇಳ್ರಿ. ಸಣ್ಣಾಕಿದ್ದಾಗ ಚೀಲದ ಬಾಯಿ ಹಿಡದು ಅಕೀನೇ ಕೂಗತಿದ್ದಳು.’

ಆ ಕಡೆ ಅಕ್ಕ ಅಳುವುದು ನನಗೆ ಕೇಳಿಸಿತು. ಕಾಕಾನ ಮಂದ ಕಿವಿಗೆ ಕೇಳಿಸಲಿಲ್ಲ, ಪುಣ್ಯ. ಆ ನಿಮಿಷ ಆ ಮುದುಕನ ಜಂಬಕ್ಕೆ ನಾನು ಅಡ್ಡಬೀಳುವುದೊಂದು ಬಾಕಿ.

ಮತ್ತೆ ದನಿ ಹಾಕಿ ಯಂತ್ರದ ಗರಗರವನ್ನೇ ಎಣಿಸಿದರು. ನಲವತ್ತೊಂದು ಇತ್ತು. ಮೊದಲೇ ಎಣಿಸಬಹುದಿತ್ತು, ಆದರೆ ದೊಡ್ಡವರ ಬುದ್ಧಿಗೆ ದಾರಿ ತೋರಿಸಲು ಒಂದು ಸೇರು ಜೋಳ ಬೇಕಾಯಿತು. ಖಾಲಿ ಜಾಗ ನೋಡದೆ ಸಹಿ ಹಾಕಿದ್ದಕ್ಕೆ ಇಬ್ಬರಿಗೂ ಎಚ್ಚರಿಕೆ ಪತ್ರ ಸಿಕ್ಕಿತು, ಕಾರ್ಡು ವಾಪಸು ಬಂತು. ‘ಪ್ರತಿಗಳನ್ನು ಕೂಗುವಾಗ ಅಂಕಿಗಳನ್ನಲ್ಲದೆ ಬೇರೆ ಪದ ಬಳಸತಕ್ಕದ್ದಲ್ಲ’ ಎಂದು ಹೊಸ ನಿಯಮವೂ ಬಂತು. ಅದಕ್ಕೂ ನಲವತ್ತೊಂದು ಪ್ರತಿ. ನಂಬರು ಹಾಕಿ ಹಂಚಿದ್ದು ಅಕ್ಕನೇ.

ಅದಾಗಿ ಮುಂದಿನ ಭಾನುವಾರ ಗಿರಣಿಗೆ ಕಳಿಸಲು ಅಕ್ಕ ಜೋಳ ಅಳೆಯುತ್ತಿದ್ದರು. ನಾನು ಚೀಲದ ಬಾಯಿ ಹಿಡಿದಿದ್ದೆ, ಕಾಕಾ ಮಂಚದ ಮೇಲಿದ್ದರು. ಅಕ್ಕ ಸೇರು ತುಂಬಿ ಸುರಿದು, ‘ಒಂದು’ ಎಂದರು.

ಕಾಕಾ ಮಗಳ ತುಟಿಯನ್ನೇ ನೋಡುತ್ತಿದ್ದರು. ‘ಯಾಕವ್ವಾ?’ ಎಂದರು. ಅಷ್ಟೇ. ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಮುಖವಾಗಿತ್ತು ಅದು.

ಅಕ್ಕ ಚೀಲದೊಳಗೆ ಕೈಹಾಕಿ ಸುರಿದದ್ದನ್ನೆಲ್ಲ ಮತ್ತೆ ಸೇರಿಗೆ ತುಂಬಿಕೊಂಡರು. ತಲೆಯೆತ್ತಿ ನಮ್ಮ ಬ್ರಹ್ಮಪುರದ ಆ ಹಳೆಯ ಮನೆಯ ನಾಲ್ಕೂ ಮೂಲೆಗಳನ್ನು, ಬಾಗಿಲ ಮೇಲಿನ ಗೋಡೆಯನ್ನು, ಎಲ್ಲಾದರೂ ಕ್ಯಾಮೆರಾ ಇದೆಯೇನೋ ಎಂಬಂತೆ ಒಂದು ಸಲ ನೋಡಿದರು. ಆಮೇಲೆ ಸೇರನ್ನು ಚೀಲಕ್ಕೆ ಸುರಿದು, ನನಗಷ್ಟೇ ಕೇಳುವ ದನಿಯಲ್ಲಿ, ‘ಲಾಭ’ ಎಂದರು.