ಶೈಲಾಳ ಕಾಲು ಒತ್ತಿ ನೋಡಿದ ಮಧ್ಯಾಹ್ನ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಕಾನ್ವೆಂಟಿನಲ್ಲಿ ಓದಿದವಳು, ಇಂಥವೆಲ್ಲ ದಣಿದ ಮನಸ್ಸಿನ ಆಟ ಎಂದೇ ನಂಬಿದ್ದೆ. ಈಗ ಹಾಗೆ ನಗಲಾರೆ.

ಮಿಶ್ರಿಕೋಟಿಯ ನಮ್ಮ ಮನೆಗೆ ನಾನು ಹಿರಿ ಸೊಸೆ, ಶೈಲಾ ಕಿರಿಯವಳು. ಅತ್ತೆಯ ಜೀವವೆಲ್ಲ ಅವಳ ಮೇಲೆಯೇ. ಅತ್ತೆ ತೀರಿಕೊಂಡ ಮರುವರ್ಷ, ಶ್ರಾವಣದ ಹೊತ್ತಿಗೆ ಶೈಲಾ ಇದ್ದಕ್ಕಿದ್ದಂತೆ ಮೈಕೈ ತುಂಬಿಕೊಂಡಳು. ಬೆಳಿಗ್ಗೆ ಎದ್ದಾಗ ಕೆನ್ನೆ ಉಬ್ಬಿ, ಕಣ್ಣು ಕಿರಿದಾಗಿ, ಎಳೆಮಗುವಿನ ಮುಖದಂತೆ ಕಾಣುತ್ತಿತ್ತು. ಬಾಜು ಮನೆಯ ಗಂಗಕ್ಕ ನನ್ನನ್ನು ನೋಡಿ ನಕ್ಕಳು: "ತುಪ್ಪದ ಗಡಿಗಿ ಸಣ್ಣ ಸೊಸೀ ಕೈಯಾಗ ಸಿಕ್ಕಂಗೈತಿ! ನೀವ್ಯಾಕ್ರಿ ಹಿಂಗ ಜಾಲಿ ಕಟಗಿ ಆಗೀರಿ?"

ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಯಿತು. ಮೂತ್ರದಲ್ಲಿ ನೊರೆ ಬರುತ್ತದೆ ಎಂದು ಶೈಲಾ ಹೇಳಿದಾಗ ಮನೆಯವರೆಲ್ಲ ಉಷ್ಣವೆಂದುಕೊಂಡು ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದೆವು.

ಒಂದು ಮಧ್ಯಾಹ್ನ ಹೋಳಿಗೆಗೆ ಕಣಕ ನಾದುತ್ತಿದ್ದೆ. ಹದ ಬಂದಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುವುದು ಅತ್ತೆ ಕಲಿಸಿದ ರೀತಿ. ಹೂರಣ ರುಬ್ಬಬೇಕಾದ ಶೈಲಾ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದಳು. ಕೆಲಸ ತಪ್ಪಿಸುವ ನಾಟಕ ಎಂದುಕೊಂಡು ನಾನು ಕಣಕದಲ್ಲಿ ಬೆರಳೂರಿದೆ. ಬೆನ್ನ ಹಿಂದೆ ಅತ್ತೆಯ ದನಿ: "ಹಿಟ್ಟು ಇರಲಿ ಬಿಡವಾ. ಅಕಿ ಕಾಲ ಒತ್ತಿ ನೋಡ."

ತಿರುಗಿದೆ. ಯಾರೂ ಇರಲಿಲ್ಲ. ಶೈಲಾಳೂ ಬಾಗಿಲ ಕಡೆಗೇ ನೋಡುತ್ತಿದ್ದಳು. "ಅಕ್ಕಾ, ಅತ್ತೀ ದನಿ ಬಂತಲ್ರಿ?"

ಹಿಟ್ಟಿನ ಕೈಯಲ್ಲೇ ಅವಳ ಮೊಣಕಾಲ ಕೆಳಗೆ ಹೆಬ್ಬೆರಳಿಟ್ಟು ಒತ್ತಿದೆ. ಬಿದ್ದ ತಗ್ಗು ಮೇಲೇಳಲಿಲ್ಲ.

ಅವತ್ತೇ ಹುಬ್ಬಳ್ಳಿಗೆ ಕರೆದೊಯ್ದೆವು. ಮೂತ್ರ, ರಕ್ತ, ಬಿಪಿ ಎಲ್ಲ ನೋಡಿದ ಡಾಕ್ಟರು, "ಇದು ಮೈ ತುಂಬಿದ್ದಲ್ರಿ, ಬಾವು. ಕಿಡ್ನಿಯಿಂದ ಪ್ರೋಟೀನ್ ಸೋರಾಕತ್ತೈತಿ. ಎದಿಯೊಳಗೂ ನೀರು ತುಂಬೈತಿ. ಇನ್ನ ತಡಾ ಮಾಡಿದ್ರ ಜೀವಕ್ಕ ಕುತ್ತಿತ್ತು" ಎಂದರು.

ಶೈಲಾ ಈಗ ಗುಳಿಗೆಗಳ ಮೇಲಿದ್ದಾಳೆ, ಊಟದಲ್ಲಿ ಉಪ್ಪು ಕಡಿಮೆ. ಮುಖ ಮೊದಲಿನಂತಾಗಿದೆ. ಬಾವನ್ನು ನನ್ನ ಮನಸ್ಸೇ ಗುರುತಿಸಿ ಎಚ್ಚರಿಸಿತು ಎನ್ನುತ್ತಾರೆ ನನ್ನ ಗಂಡ. ಇರಬಹುದು. ಆದರೆ ನನ್ನ ಮನಸ್ಸು ಆಡಿದ ಮಾತು ಶೈಲಾಳ ಕಿವಿಗೆ ಹೇಗೆ ಬಿತ್ತು?

ಇದೆಲ್ಲ ಆದ ಮೇಲೆ, ಹೋದ ವರ್ಷ ಟೈಫಾಯಿಡ್ ಬಂದು ನಾನು ಮಲಗಿದ್ದೆ. ಮಧ್ಯಾಹ್ನವೆಲ್ಲ ಅಡುಗೆಮನೆಯತ್ತ ಕಿವಿಗೊಟ್ಟು ಕಾದೆ. ಫ್ರಿಜ್ಜಿನ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.