ಜಗುಲಿಯ ಮೇಲೊಬ್ಬಳು ಫಾರ್ಮಸಿಸ್ಟ್

"ಏನ್ ಕೇಳುಸ್ತಾ? ಎತ್ತುಗಳ್ನ ಒಳೀಕ್ ಕಟ್ಟಿದ್ರಾ?"

ನನ್ನ ಸೋದರತ್ತೆ ಪುಟ್ಟತಾಯಮ್ಮ ಹಾಗೆ ಕೇಳಿದಾಗ ಮಧ್ಯಾಹ್ನ ಮೂರು ಗಂಟೆ. ನಾನು ಬಿಡದಿ ಫ್ಯಾಕ್ಟರಿಯ ಯೂನಿಫಾರ್ಮಿನಲ್ಲೇ ಹೋಗಿದ್ದೆ. ಎತ್ತು ಎಲ್ಲಿಂದ ಬರಬೇಕು? ಅತ್ತೆ ನನ್ನನ್ನು ತೀರಿಹೋದ ಮಾವ ಅಂದುಕೊಂಡಿದ್ದಳು. ಮೈಯೆಲ್ಲ ಬೆವರು. ಕೈ ನಡುಗುತ್ತಿತ್ತು.

ಮಕ್ಕಳಿಲ್ಲದ ಅತ್ತೆ ಕೈಲಾಂಚ ಕಡೆಯ ವೃದ್ಧಾಶ್ರಮಕ್ಕೆ ತಾನಾಗಿಯೇ ಸೇರಿದವಳು. ("ನಿನ್ ಹೆಂಡ್ತಿ ಮಾಡೋ ಸಾರಿಗಿಂತ ಅದೇ ಮೇಲು ಕಣ್ಲಾ" ಅಂದಿದ್ದಳು. ದಯವಿಟ್ಟು ಇದನ್ನು ನಮ್ಮ ಮನೆಯಲ್ಲಿ ಯಾರೂ ಹೇಳಬೇಡಿ.)

ಆಶ್ರಮದ ಕಾರ್ಯದರ್ಶಿ ಗುರುಸಿದ್ದಪ್ಪನವರು ಒಳ್ಳೆಯ ಮನುಷ್ಯ. ಆದರೆ ಅವರ ತೀರ್ಮಾನ ಆಗಿಹೋಗಿತ್ತು. "ಅರಳು ಮರಳು ಕಣಪ್ಪ. ಬರೋ ತಿಂಗಳು ಹಿಂದಿನ ವಾರ್ಡಿಗೆ ಹಾಕ್ಬುಡಾನ."

ಹಿಂದಿನ ವಾರ್ಡು ಅಂದರೆ ಕಂಬಿ ಹಾಕಿದ ಮಂಚ. ಅಲ್ಲಿಂದ ನಡೆದು ಹೊರಬಂದವರನ್ನು ನಾನು ನೋಡಿಲ್ಲ.

ವಿಚಿತ್ರ ಅಂದರೆ, ಬೆಳಿಗ್ಗೆ ಅತ್ತೆ ಸರಿಯಾಗೇ ಇರುತ್ತಿದ್ದಳು. ತಿಂಗಳಿಗೊಮ್ಮೆ ಬರುವ ಡಾಕ್ಟರೂ ಬೆಳಿಗ್ಗೆಯೇ ಬಂದು ನೋಡಿ, ಎಲ್ಲ ನಾರ್ಮಲ್ ಅಂತ ಬರೆದು ಹೋಗುತ್ತಿದ್ದರು.

ಆಶ್ರಮದ ನೀರಿನ ಮೋಟರ್ ಕೆಟ್ಟಾಗಲೆಲ್ಲ ರಿಪೇರಿ ಮಾಡಿಕೊಡುವ ನನ್ನನ್ನೂ ಕಮಿಟಿಗೆ ಸೇರಿಸಿದ್ದಾರೆ. ಮೀಟಿಂಗಿನಲ್ಲಿ ಎದ್ದು ನಿಂತೆ. "ಇಷ್ಟು ಜನ ಇಷ್ಟೊಂದು ಮಾತ್ರೆ ನುಂಗ್ತಾರೆ. ಮಾತ್ರೆ ವಿಷ್ಯ ಓದಿರೋರು ಇಲ್ಲಿ ಒಬ್ರಾದ್ರೂ ಇದೀರಾ? ಒಬ್ಬ ಫಾರ್ಮಸಿಸ್ಟ್ ಇಲ್ಲೇ ಇರ್ಬೇಕು."

"ಟೌನಲ್ಲಿ ಮೆಡಿಕಲ್ ಸ್ಟೋರ್ ಐತಲ್ಲ," ಅಂದರು ಕಾರ್ಯದರ್ಶಿ. "ಫೋನ್ ಮಾಡುದ್ರೆ ಆಟೋದಲ್ಲಿ ಕಳುಸ್ತಾರೆ."

"ಕಳುಸ್ತಾರೆ ಸರಿ. ನುಂಗುದ್ಮೇಲೆ ಏನಾಯ್ತು ಅಂತ ಆಟೋದವ್ನು ನೋಡ್ತಾನಾ?"

ಮೂಲೆಯಲ್ಲಿದ್ದ ಮೆಂಬರೊಬ್ಬರು ನಕ್ಕರು. "ಏಳ್ನೇ ಕ್ಲಾಸಿಗೆ ಸ್ಕೂಲ್ ಬುಟ್ಟೋನು ಡಾಕ್ಟ್ರಿಗೇ ಪಾಠ ಹೇಳ್ತಾವ್ನೆ!"

ಹೌದು ಸ್ವಾಮಿ, ಬಿಟ್ಟವನೇ. ಬಿಟ್ಟು ಸುಮ್ಮನೆ ಕೂತವನಲ್ಲ. ಇಪ್ಪತ್ತು ವರ್ಷದಿಂದ ಫಿಟರ್. ನಮ್ಮ ಕಡೆ ರೇಷ್ಮೆ ಬೆಳೆದ ಹೊಲದಲ್ಲೆಲ್ಲ ಈಗ ಶೆಡ್‌ಗಳು ಏಳುತ್ತಿವೆ. ಯಾವ ಶೆಡ್ಡಿಗೇ ಹೋಗಿ, ಮಷಿನ್ ಪಕ್ಕದಲ್ಲಿ ಒಬ್ಬ ಫಿಟರ್ ಇರುತ್ತಾನೆ. ಯಾಕೆ? ಕೆಟ್ಟ ಮೇಲೆ ಬಂದವನಿಗೆ ಕೆಟ್ಟಿದ್ದು ಮಾತ್ರ ಕಾಣುತ್ತದೆ. ಪಕ್ಕದಲ್ಲಿದ್ದವನಿಗೆ ಕೆಡುವ ಮುಂಚಿನ ಸದ್ದು ಕೇಳಿಸುತ್ತದೆ. ಇದನ್ನೇ ಹೇಳಿದೆ.

ಕಾರ್ಯದರ್ಶಿ ಒಪ್ಪಿದ್ದು ಒಂದೇ ತಿಂಗಳಿಗೆ. ಅಷ್ಟರಲ್ಲಿ ಏನೂ ಗೊತ್ತಾಗದಿದ್ದರೆ ಅತ್ತೆಗೆ ಕಂಬಿ ಮಂಚ.

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಿಂದ ಸವಿತಾ ಅನ್ನುವ ಹುಡುಗಿ ಬಂದಳು. ಡಿ.ಫಾರ್ಮ ಓದಿದವಳು. ಮೊದಲ ವಾರ ರಿಜಿಸ್ಟರ್ ನೋಡಿದಳು. ಎಲ್ಲರಿಗೂ ಮಾತ್ರೆ ಕೊಟ್ಟಿದೆ ಅಂತ ಟಿಕ್ ಇತ್ತು. ಎರಡನೇ ವಾರ ರಿಜಿಸ್ಟರ್ ಮುಚ್ಚಿ, ಊಟವಾದ ಮೇಲೆ ಮುದುಕಿಯರ ಜೊತೆ ಜಗುಲಿ ಮೇಲೆ ಕೂತಳು.

ಆಯಾ ಎಲ್ಲರ ಕೈಗೂ ಮಾತ್ರೆ ಕೊಟ್ಟು ತಟ್ಟೆ ಎತ್ತಿಕೊಂಡು ಹೋದಳು. ಎಲೆ ಅಡಿಕೆ ಚೀಲ ಬಿಚ್ಚಿಕೊಂಡಿತು. ಪಕ್ಕದ ಮಂಚದ ಕೆಂಪಮ್ಮ ಅಡಿಕೆ ಹೋಳು ಮಾಡಿ ಅತ್ತೆಗೆ ಕೊಟ್ಟಳು. ಆಮೇಲೆ ತನ್ನ ಮಾತ್ರೆಯನ್ನೂ ಉಗುರಲ್ಲಿ ಮುರಿದು ಅರ್ಧ ಕೊಟ್ಟಳು!

"ಅಯ್ಯೋ, ಏನಜ್ಜಿ ಇದು?" ಅಂದಳು ಸವಿತಾ.

"ನಂಗೆ ಇದ್ರಿಂದ ಕಾಲುರಿ ಒಸಿ ಕಮ್ಮಿ ಆಗೈತೆ ಕಣವ್ವ. ಪುಟ್ಟತಾಯಿಗೂ ಕಾಲುರಿ. ಪಕ್ದಲ್ಲಿ ಕೂತೋರ್ಗೆ ಕೊಡ್ದೆ ಒಬ್ಳೇ ಬಾಯಿಗಾಕಬೌದಾ?"

ಅದು ಶುಗರ್ ಮಾತ್ರೆ! ಅತ್ತೆಗೆ ಶುಗರ್ರೇ ಇಲ್ಲ.

ಇನ್ನೂ ಕೇಳಿ. ಅರ್ಧವೇ ನುಂಗುತ್ತಿದ್ದ ಕೆಂಪಮ್ಮನ ಶುಗರ್ ಇಳಿಯಲಿಲ್ಲ. ಇಳಿಯಲಿಲ್ಲ ಅಂತ ಡಾಕ್ಟರು ಡೋಸ್ ಏರಿಸಿದರು. ಏರಿದ್ದರಲ್ಲೂ ಕೆಂಪಮ್ಮ ಧರ್ಮವಾಗಿ ಅರ್ಧ ಪಾಲು ಮಾಡಿದಳು. ಅತ್ತೆ ದಿನೇ ದಿನೇ ಕುಸಿದಳು.

ಸವಿತಾ ಕೈ ಚಾಚುವಷ್ಟರಲ್ಲಿ ಅತ್ತೆ ಆ ಅರ್ಧ ಮಾತ್ರೆ ನುಂಗಿಯಾಗಿತ್ತು. ಪಕ್ಕದಲ್ಲೇ ಕೂತು ಬೆರಳು ಚುಚ್ಚಿ ನೋಡುತ್ತಲೇ ಇದ್ದಳು; ಮೂರು ಗಂಟೆ ಹೊತ್ತಿಗೆ ಅತ್ತೆಯ ಶುಗರ್ ತೀರಾ ಕೆಳಗೆ. ಆ ಬೆವರು, ನಡುಕ, ಎತ್ತಿನ ಮಾತು ಎಲ್ಲ ಅದರಿಂದಲೇ. ತಕ್ಷಣ ಸಕ್ಕರೆ ನೀರು ಕುಡಿಸಿ ಡಾಕ್ಟರಿಗೆ ಫೋನ್ ಮಾಡಿದಳು. ಅವರು ಓಡಿ ಬಂದರು. "ಇದು ನನಗೆ ಹೊಳೆಯಲೇ ಇಲ್ಲ" ಅಂತ ಎಲ್ಲರೆದುರು ಒಪ್ಪಿಕೊಂಡರು. ದೊಡ್ಡ ಮನುಷ್ಯ.

ಹೋದ ಭಾನುವಾರ ಮಧ್ಯಾಹ್ನ ಮೂರು ಗಂಟೆಗೇ ಹೋದೆ. ಬೇಕೆಂದೇ. ಅತ್ತೆ ಅಂಗಳದಲ್ಲಿ ಕನಕಾಂಬರ ಬಿಡಿಸುತ್ತಿದ್ದಳು.

"ಏನ್ಲಾ, ಬರಿಗೈಲಿ ಬಂದ್ಬುಟ್ಟೆ? ನಾಚ್ಕೆ ಆಗಾಕಿಲ್ವಾ?"

ಬೈಗುಳ ಕೇಳಿ ಇಷ್ಟು ಖುಷಿಪಟ್ಟ ಗಂಡಸು ರಾಮನಗರ ತಾಲ್ಲೂಕಿನಲ್ಲಿ ಬೇರೆ ಇಲ್ಲ. ಅಂದು ನಕ್ಕಿದ್ದ ಮೆಂಬರೇ ಈಗ ಸವಿತಾಗೆ ಖಾಯಂ ಆರ್ಡರ್ ಕೊಡಿ ಅಂತ ಅರ್ಜಿ ಬರೆದಿದ್ದಾರೆ. ಕೆಂಪಮ್ಮ ಈಗ ಡೋಸ್ ಇಳಿಸಿದ ಮಾತ್ರೆಯನ್ನು ಪೂರ್ತಿ ನುಂಗುತ್ತಾಳೆ, ಸವಿತಾ ಎದುರಿಗೆ, ಬಾಯಿ ತೆರೆದು ತೋರಿಸಿ.

ನಿಮ್ಮ ಮನೆಯ ಹಿರಿಯರಿಗೆ ಮಾತ್ರೆ ಯಾರು ಕೊಡುತ್ತಾರೆ ಅಂತ ನಿಮಗೆ ಗೊತ್ತು. ಅದು ಯಾರ ಹೊಟ್ಟೆ ಸೇರುತ್ತದೆ ಅಂತ ಯಾವತ್ತಾದರೂ ಕೂತು ನೋಡಿದ್ದೀರಾ?