ತಾಂಬೂಲದ ಚೀಲ ಹಿಡಿದು ಆಗ್ರಾಕ್ಕೆ

ಕೊರೊನಾ ಮುಗಿದು ಪ್ರವಾಸಗಳು ಮತ್ತೆ ಶುರುವಾದ ವರ್ಷ ಅದು. ಅದರ ಮರುವರ್ಷವೂ ಇರಬಹುದು; ಈಚೆಗೆ ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ. ಆಗ ನಾನು ತುಮಕೂರಿನ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ಟೂರ್ ಮ್ಯಾನೇಜರ್. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಸಿಕ್ಕ ಕೆಲಸ: ಜನರನ್ನು ರೈಲು ಹತ್ತಿಸುವುದು, ಇಳಿದಾಗ ತಲೆ ಎಣಿಸುವುದು, ನಡುವೆ ಯಾರೂ ಕೇಳದ ವಿವರಗಳನ್ನು ಹೇಳುವುದು.

ಆ ಸಲದ ತಂಡದಲ್ಲಿದ್ದವರು ಒಂದೇ ಮದುವೆಯ ಎರಡು ಕಡೆಯವರು. ಹುಡುಗಿ ಗುಬ್ಬಿಯವಳು, ಹುಡುಗ ಹುಲಿಯೂರುದುರ್ಗದವನು, ಮದುವೆ ನಡೆದದ್ದು ಕುಣಿಗಲ್ಲಿನ ಛತ್ರದಲ್ಲಿ. ಹೊಸ ಬೀಗರು ಒಟ್ಟಿಗೆ ದೆಹಲಿ, ಆಗ್ರಾ ನೋಡಿ ಬರೋಣವೆಂದು ಹೊರಟಿದ್ದರು. ಮುಂಚೆಯೇ ಉಪ್ಪಾರಹಳ್ಳಿಯ ಅವರ ನೆಂಟರ ಮನೆಯಲ್ಲಿ ಎಲ್ಲರನ್ನೂ ಕೂರಿಸಿ ಚೀಲದ ಪಾಠ ಮಾಡಿದ್ದೆ. ತಾಜ್ ಮಹಲಿನಂಥ ಕಡೆ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ತಿಂಡಿ, ಎಲೆ-ಅಡಿಕೆ, ಬೆಂಕಿಪೊಟ್ಟಣ, ಅಡಕತ್ತರಿ ಯಾವುದೂ ಬೇಡ. ನೀರಿನ ಬಾಟಲಿ, ಮೊಬೈಲು, ಕನ್ನಡಕ ಹಿಡಿಸುವ ಸಣ್ಣ ಬಟ್ಟೆ ಚೀಲ ಸಾಕು.

ಮಾತು ಕೇಳಿದರು. ಆದರೆ ಆಗ್ರಾದ ಹೋಟೆಲಿನ ಬಾಗಿಲಲ್ಲಿ ಬೆಳಿಗ್ಗೆ ಸಾಲಾಗಿ ನಿಂತಾಗ ನೋಡುತ್ತೇನೆ, ಎಲ್ಲರ ಕೈಯಲ್ಲೂ ಒಂದೇ ಚೀಲ. ಅದೇ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟ ತಾಂಬೂಲದ ಚೀಲ, ಮೇಲೆ ಗಂಡು ಹೆಣ್ಣಿನ ಹೆಸರು. ಬಣ್ಣ ಹಳದಿ ಎಂದು ನನ್ನ ನೆನಪು. ಫೋಟೊದಲ್ಲಿ ಹಸಿರು ಕಾಣುತ್ತದೆ.

"ನಮ್ಮುಡುಗನ ಮದ್ವೆ ಶಹಜಹಾನ್‌ಗೂ ಗೊತ್ತಾಗ್ಲಿ ಬುಡಿ ಮ್ಯಾನೇಜರ್ರೇ" ಎಂದರು ಹುಡುಗನ ತಂದೆ ರುದ್ರಪ್ಪ.

ಹುಡುಗಿಯ ಅಜ್ಜಿ ಪಾರ್ವತಮ್ಮ ಬಿಡಲಿಲ್ಲ. "ಚೀಲ ನಿಮ್ದು ಕಣ್ರೀ ಬೀಗ್ರೇ, ಒಳಗಿದ್ದ ಕಾಯಿ ನಮ್ ತೋಟದ್ದು."

ಎಲ್ಲರೂ ನಕ್ಕರು. ನಾನೂ ನಕ್ಕೆ.

ತಾಜ್ ಮಹಲಿನ ಬಾಗಿಲ ತಪಾಸಣೆಯಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಸಾಲು. ಚೀಲಗಳು ಮಾತ್ರ ಒಂದೇ ಸ್ಕ್ಯಾನರ್ ಹಾದು ಬಂದವು. ಒಳಗೆ ಹೋದ ಸ್ವಲ್ಪ ಹೊತ್ತಿಗೆ ಪಾರ್ವತಮ್ಮ ನನ್ನನ್ನು ಮರದ ಮರೆಗೆ ಕರೆದರು. ಕೈಯಲ್ಲಿದ್ದ ಚೀಲ ಬಿಚ್ಚಿ ತೋರಿಸಿದರು. ಒಂದು ನೀರಿನ ಬಾಟಲಿ, ಅಷ್ಟೇ. ಅವರ ಚೀಲದಲ್ಲಿ ಇರಬೇಕಾದದ್ದು ಕರಡಿಗೆ. ಅಂದರೆ ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗವನ್ನಿಡುವ ಬೆಳ್ಳಿಯ ಪುಟ್ಟ ಪೆಟ್ಟಿಗೆ. ಮೈ ತಡಕುವಾಗ ಅದಕ್ಕೆ ಬೇರೆಯವರ ಕೈ ತಗಲುತ್ತದೆಂಬ ಹೆದರಿಕೆಯಿಂದ, ಜೀವಮಾನದಲ್ಲಿ ಮೊದಲ ಸಲ ಕೊರಳಿಂದ ತೆಗೆದು ಚೀಲದಲ್ಲಿಟ್ಟಿದ್ದರು. ಮಿಷನ್ನಿಗೆ ಕೈ ಇಲ್ಲವಲ್ಲ ಎಂಬ ಲೆಕ್ಕ.

ಎಲ್ಲರ ಚೀಲ ನೋಡಿಬಿಡೋಣ ಎಂದೆ. ಅವರು ನನ್ನ ತೋಳು ಹಿಡಿದುಕೊಂಡರು.

"ಲಿಂಗ ತೆಗ್ದಿಟ್ಟೋಳು ಅಂತ ಬೀಗರ ಕಿವಿಗೆ ಬಿದ್ರೆ ನಾನು ಮೊಕ ಎತ್ಕೊಂಡು ಕುಣಿಗಲ್ ದಾಟಾಕಾಗಲ್ಲ. ಯಾರ್ಗೂ ಹೇಳ್ಬ್ಯಾಡ ಕಣಪ್ಪ."

ಒಪ್ಪಿಕೊಂಡೆ. ಆಮೇಲೆ ತಿಳಿಯಿತು, ಅವರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಮಾತ್ರೆ ನುಂಗಿ ಬಂದಿದ್ದಾರೆ, ತಿಂಡಿಯನ್ನು ನಾವು ಇಟ್ಟುಕೊಂಡಿದ್ದು ಹೋಟೆಲಿಗೆ ವಾಪಸ್ ಹೋದ ಮೇಲೆ. ಹಣೆಯ ಮೇಲೆ ಬೆವರು, ಬೆರಳುಗಳಲ್ಲಿ ನಡುಕ. ಹೊರಗೆ ಹೋಗಿ ಏನಾದರೂ ತಿನ್ನಿ ಎಂದೆ. ಒಂದು ಗುಟುಕು ನೀರಾದರೂ ಎಂದೆ. ನಾನು ಲಿಂಗ ಕಟ್ಟುವ ಮನೆಯಲ್ಲೇ ಹುಟ್ಟಿ, ಯೂನಿವರ್ಸಿಟಿ ಸೇರಿದ ಮೇಲೆ ಬಿಟ್ಟವನು. ಬಿಟ್ಟರೂ ಏನೂ ಆಗುವುದಿಲ್ಲ ಎಂದು ನನ್ನನ್ನೇ ಉದಾಹರಣೆ ಕೊಟ್ಟೆ. ಅವರು ಕಣ್ಣು ಮುಚ್ಚಿಕೊಂಡರು.

"ಲಿಂಗ ಇಲ್ದಿದ್ ಮೈಗೆ ನೀರು ಇಳಿಯಲ್ಲ."

ಅವರನ್ನು ನೆರಳಲ್ಲಿ ಕೂರಿಸಿ ಹುಡುಕಲು ಹೊರಟೆ. ಚೀಲಗಳು ಅದಲು ಬದಲಾಗಿವೆಯಂತೆ, ಒಮ್ಮೆ ನೋಡಿಕೊಳ್ಳಿ ಎಂದು ಕಂಡವರಿಗೆಲ್ಲ ಹೇಳುತ್ತ ಹೋದೆ. ಕೆಲವರು ಗುಮ್ಮಟದ ಹತ್ತಿರ, ಕೆಲವರು ಫೋಟೊದವನ ಮುಂದೆ. ಯಾರನ್ನು ಕೇಳಿದೆ, ಯಾರನ್ನು ಬಿಟ್ಟೆ ಎಂಬುದು ಗೊಂದಲವಾಗಿ, ಒಬ್ಬರನ್ನೇ ಮತ್ತೆ ಮತ್ತೆ ಕೇಳಿದೆ. "ಏನ್ ಕಳ್ಕೊಂಡಿದೀರಾ ಮ್ಯಾನೇಜರ್ರೇ, ಹೆಂಡ್ತಿ ಫೋನ್ ನಂಬರ್ರಾ?" ಎಂದು ಹುಡುಗನ ಚಿಕ್ಕಪ್ಪ ಹಂಗಿಸಿದರು. ತಿರುಗಿ ತಿರುಗಿ ಆ ಮರದ ಕಡೆ ನೋಡುತ್ತಿದ್ದೆ. ಅವರು ಕುಸಿದುಬಿದ್ದರೆ ಮಾತು ಮುರಿದು ಎಲ್ಲರನ್ನೂ ಕೂಗಬೇಕೆಂದುಕೊಂಡಿದ್ದೆ. ಕುಸಿಯುವವರೆಗೆ ಕಾಯುವುದು ಯಾವ ನ್ಯಾಯ ಎಂದೂ ಅನಿಸುತ್ತಿತ್ತು.

ಕೊನೆಗೆ ಸಿಕ್ಕವರು ರುದ್ರಪ್ಪ. ಕಲ್ಲುಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದರು. ನಾನು ಅದೇ ಮಾತನ್ನು ಹೇಳಿ ಮುಗಿಸುವ ಮೊದಲೇ ತಲೆಯಾಡಿಸಿದರು.

"ನಂದಲ್ಲ ಇದು. ನೀರಿಗೆ ಅಂತ ಬಿಚ್ದೆ, ಕರಡಿಗೆ ಕಾಣ್ತು, ಮುಚ್ಬುಟ್ಟೆ. ಅವಾಗಿಂದ ನೆಲಕ್ಕಿಟ್ಟಿಲ್ಲ."

ಯಾಕೆ ಯಾರನ್ನೂ ಕೇಳಲಿಲ್ಲ ಎಂದೆ.

"ಕೂಗಿ ಕೇಳೋದೆಂಗೆ? ತೆಗ್ದಿಟ್ಟೋರ ಮಾನ ಹೋಗಲ್ವಾ? ಯಾರ್ದು ಅಂತ ನಂಗೂ ಹೇಳ್ಬ್ಯಾಡಿ. ಚೀಲದ ಹಿಡಿ ಹಿಡ್ಕೊಂಡೋಗಿ, ಪೆಟ್ಟಿಗೆ ಮುಟ್ಬ್ಯಾಡಿ."

ಪಾರ್ವತಮ್ಮ ಚೀಲ ತೆಗೆದುಕೊಂಡು ನನಗೆ ಬೆನ್ನು ಮಾಡಿದರು. ಕೈಗೆ ನೀರು ಹಾಕಿಸಿಕೊಂಡು ಕರಡಿಗೆಯ ದಾರವನ್ನು ಕೊರಳಿಗೆ ಹಾಕಿ, ಸೆರಗು ಸರಿಮಾಡಿಕೊಂಡು, ಆಮೇಲೆ ಬಾಟಲಿಯನ್ನು ಎತ್ತಿದರು. ಕೈ ಹಿಡಿದು ಹೊರಗೆ ಕರೆತಂದೆ. ಎರಡು ಲೋಟ ಸಕ್ಕರೆ ಹಾಲು ಕುಡಿದ ಮೇಲೆ ಮುಖಕ್ಕೆ ಬಣ್ಣ ಬಂತು. ತಾಜ್ ಮಹಲನ್ನು ಅವರು ನೋಡಿದ್ದು ಆ ಮರದ ಕೆಳಗಿನಿಂದ ಎಷ್ಟೋ ಅಷ್ಟೇ.

ರುದ್ರಪ್ಪನವರಿಗೆ ಅದು ಯಾರದೆಂದು ಗೊತ್ತಿತ್ತೇ? ಮಧ್ಯಾಹ್ನದ ಊಟಕ್ಕೆ ಪಾರ್ವತಮ್ಮ ಮೊದಲ ತುತ್ತು ಎತ್ತುವವರೆಗೂ ಅವರು ತಟ್ಟೆಗೆ ಕೈ ಹಾಕಿರಲಿಲ್ಲ ಎಂದು ನನಗೆ ನೆನಪು. ಆ ತುತ್ತನ್ನು ಆಮೇಲೆ ನಾನೇ ಸೇರಿಸಿಕೊಂಡಿರಲೂಬಹುದು. ಕೇಳಿ ಖಚಿತ ಮಾಡಿಕೊಳ್ಳುವ ಹಾಗಿಲ್ಲ.

ಈಗಲೂ ಚೀಲದ ಪಾಠ ಮಾಡುತ್ತೇನೆ. ಚೀಲ ಸಣ್ಣದಿರಲಿ, ಪಕ್ಕದವರ ಚೀಲದಂತೆ ಇರದಿರಲಿ, ಗುರುತಿಗೆ ಒಂದು ದಾರವಾದರೂ ಕಟ್ಟಿ ಎನ್ನುತ್ತೇನೆ. ಅದಕ್ಕೂ ಮೊದಲು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಮೈಮೇಲಿಂದ ತೆಗೆಯಲಾಗದ್ದು ಏನಾದರೂ ಇದೆಯೇ ಎಂದು ಕೇಳುತ್ತೇನೆ. ಇದ್ದರೆ ಅದು ಅಲ್ಲೇ ಇರಲಿ, ತಪಾಸಣೆಯವರ ಹತ್ತಿರ ನಾನು ಮಾತಾಡುತ್ತೇನೆ ಎನ್ನುತ್ತೇನೆ. ಏನೆಂದು ಮಾತ್ರ ಜೋರಾಗಿ ಹೇಳಿಸುವುದಿಲ್ಲ.